ಗಾಜಿನ ತೊಟ್ಟಿಯಲ್ಲಿ ಕಡಲ ಗರಿಕೆ

ರಾಮೇಶ್ವರಕ್ಕೆ ಹೋಗಿ ಬಂದ ಸೋದರಿಯರಿಗೆ ನೆನಪಿರಬಹುದು. ಅಗ್ನಿತೀರ್ಥದಲ್ಲಿ ಮುಳುಗು ಹಾಕಲು ಸಮುದ್ರಕ್ಕೆ ಇಳಿದರೆ ಹಸಿರು, ಕಂದು ಬಣ್ಣದ ರಿಬ್ಬನ್ನಿನಂಥ ಎಲೆಗಳು ಕಾಲಿಗೆ ಸುತ್ತಿಕೊಳ್ಳುತ್ತವೆ. ದಡದ ಮೇಲೂ ಅದರದೇ ರಾಶಿ. "ಥೂ, ಎಂಥಾ ಪಾಚಿ!" ಎಂದು ಸೀರೆಯ ನೆರಿಗೆ ಒದರಿಕೊಂಡು ಮೇಲೆ ಬರುತ್ತೇವೆ. 2019ರ ಜನವರಿಯಲ್ಲಿ ನಾನೂ ಹಾಗೇ ಒದರಿಕೊಂಡವಳು. ಜೊತೆಗಿದ್ದ ಅಕ್ಕನ ಮಗಳು ಸಸ್ಯಶಾಸ್ತ್ರ ಓದಿದವಳು. ನಕ್ಕುಬಿಟ್ಟಳು. "ಚಿಕ್ಕಮ್ಮ, ಅದು ಪಾಚಿ ಅಲ್ಲ. ಬೇರಿದೆ, ಗೆಣ್ಣಿದೆ, ನೀರೊಳಗೇ ಹೂ ಬಿಟ್ಟು ಕಾಯಿ ಕಟ್ಟುತ್ತೆ. ಕಡಲ ಹುಲ್ಲು ಅದು," ಎಂದಳು.

ಹೂ ಬಿಡುವ ಗಿಡ ಎಂದ ಮೇಲೆ ನಮ್ಮಂಥವರ ಕೈ ಸುಮ್ಮನಿರುತ್ತದೆಯೇ? ಯಾರ ಮನೆಗೆ ಹೋದರೂ ಬರುವಾಗ ಹಿತ್ತಿಲಿನಿಂದ ಒಂದು ಕಡ್ಡಿ ಕೇಳಿ ತರುವ ಅಭ್ಯಾಸ ನಮಗೆ. ಒಂದು ಹಿಡಿ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿಕೊಂಡೆ. ಮಧುರೆ ಮುಟ್ಟುವುದರೊಳಗೆ ಡಬ್ಬಿ ನಾರತೊಡಗಿತು. ಇವರು ಮೂಗು ಮುಚ್ಚಿಕೊಂಡು ಅದನ್ನು ಛತ್ರದ ಹಿಂದಿನ ಕಸದ ತೊಟ್ಟಿಗೆ ಸುರಿದು ಬಂದರು. ಡಬ್ಬಿ ಮಾತ್ರ ಉಳಿಯಿತು.

ನಮ್ಮೂರು ಅರಸೀಕೆರೆ ಕಡೆ. ಕಡಲು ಕಾಣಬೇಕಾದರೆ ಘಾಟಿ ಇಳಿಯಬೇಕು. ಆದರೂ ಇವತ್ತು ನಮ್ಮ ನಡುಮನೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯಿದೆ, ಅದರ ತುಂಬ ಉಪ್ಪುನೀರು, ಉಪ್ಪುನೀರಿನೊಳಗೆ ಗೇಣುದ್ದದ ಹಸಿರು ಹುಲ್ಲುಗಾವಲು. ಮಧ್ಯಾಹ್ನದ ಹೊತ್ತಿಗೆ ಎಲೆಎಲೆಯ ಅಂಚಿನಲ್ಲೂ ಆಮ್ಲಜನಕದ ಗುಳ್ಳೆ ಮುತ್ತಿನಂತೆ ಕೂತಿರುತ್ತದೆ. ಎರಡು ಸಲ ಸೋತು, ಚೀಟಿಯ ಹಣ ಕಳೆದುಕೊಂಡು, ಮೂರನೆಯ ಸಲ ಸಿಕ್ಕ ಹುಲ್ಲುಗಾವಲು ಇದು. ನಾನು ಕಳೆದುಕೊಂಡದ್ದನ್ನು ನೀವೂ ಕಳೆದುಕೊಳ್ಳದಿರಲಿ ಎಂದೇ ಇಷ್ಟು ಬರೆಯುತ್ತಿದ್ದೇನೆ.

ಕೆಸುವಿನ ನೆಂಟ, ಗರಿಕೆಯ ನಡಿಗೆ

ಮೊದಲು ಗುರುತು ಹಿಡಿಯುವುದನ್ನು ಕಲಿಯಬೇಕು. ಹಲ್ವ, ಪುಡ್ಡಿಂಗಿಗೆ ನಾವು ಬಳಸುವ ಚೈನಾ ಗ್ರಾಸ್ ಹೆಸರಿಗೆ ಮಾತ್ರ ಹುಲ್ಲು. ಅದು ತಯಾರಾಗುವುದು ಕೆಂಪು ಕಡಲ ಪಾಚಿಯಿಂದ. ಪಾಚಿಗೆ ನಿಜವಾದ ಬೇರಿಲ್ಲ, ಹೂವಿಲ್ಲ. ಕಡಲ ಹುಲ್ಲು ಹಾಗಲ್ಲ. ನೆಲದ ಮೇಲಿದ್ದ ಏಕದಳ ಸಸ್ಯಗಳು ಸುಮಾರು 10 ಕೋಟಿ ವರ್ಷಗಳ ಹಿಂದೆ ಮತ್ತೆ ಕಡಲಿಗೆ ಇಳಿದವು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವು ನಿಜವಾದ ಹುಲ್ಲಿನ ಕುಟುಂಬವೂ ಅಲ್ಲ. ಪತ್ರೊಡೆಗೆ ತರುವ ನಮ್ಮ ಕೆಸುವಿಗೆ ದೂರದ ನೆಂಟರು! ಜಗತ್ತಿನಲ್ಲೆಲ್ಲ ಸೇರಿ ಎಪ್ಪತ್ತರ ಆಸುಪಾಸು ಜಾತಿಗಳಿವೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಬೆಳೆಯುವುದು ಪಾಕ್ ಕೊಲ್ಲಿ, ಮನ್ನಾರ್ ಖಾರಿ, ಲಕ್ಷದ್ವೀಪ, ಅಂಡಮಾನುಗಳಲ್ಲಿ.

ಬೆಳೆಯುವ ರೀತಿ ಮಾತ್ರ ಥೇಟ್ ಗರಿಕೆಯದು. ಮರಳಿನೊಳಗೆ ಅಡ್ಡಕ್ಕೆ ಹರಿಯುವ ಬೇರುಕಾಂಡ, ಗೆಣ್ಣುಗೆಣ್ಣಿಗೂ ಕೆಳಕ್ಕೆ ಬೇರು, ಮೇಲಕ್ಕೆ ಎಲೆ. ತುದಿಯಲ್ಲಿ ಒಂದು ಎಳೆಯ ಮೊಳಕೆ. ಅದೇ ಮುಂದಕ್ಕೆ ದಾರಿ ಮಾಡಿಕೊಂಡು ಹೋಗುವುದು. ಆಸ್ಟ್ರೇಲಿಯದ ಶಾರ್ಕ್ ಬೇ ಎಂಬಲ್ಲಿ ಹೀಗೆ ಹರಿದು ಹರಿದು ಒಂದೇ ಗಿಡ 180 ಕಿಲೋಮೀಟರ್ ಹಬ್ಬಿದೆ, ವಯಸ್ಸು ಸುಮಾರು 4,500 ವರ್ಷ ಎಂದು 2022ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಗರಿಕೆ ಕಿತ್ತವರಿಗೆ ಇದು ಆಶ್ಚರ್ಯವೆನಿಸದು. ನಾನು ರಾಮೇಶ್ವರದಿಂದ ತಂದದ್ದು ಬರೀ ಎಲೆ, ಬೇರುಕಾಂಡವೇ ಇರಲಿಲ್ಲ. ಕರಿಬೇವಿನ ಎಲೆಯನ್ನು ಮಣ್ಣಿಗೆ ಚುಚ್ಚಿ ಮರ ಬರಲಿ ಎಂದು ಕಾದ ಹಾಗಾಯಿತು.

ಎರಡನೆಯ ಪೆಟ್ಟು ಬಿದ್ದದ್ದು ಅಂಗಡಿಯಲ್ಲಿ. 2021ರಲ್ಲಿ ತೊಟ್ಟಿ ಕೊಂಡೆ. ದೊಡ್ಡ ಊರೊಂದರ ಮೀನಿನ ಅಂಗಡಿಯವನು "ಕಡಲ ಹುಲ್ಲೇ ಅಮ್ಮ, ಗ್ಯಾರಂಟಿ" ಎಂದು ಹಸಿರು ಪಟ್ಟಿಯಂಥದ್ದನ್ನು ಕೊಟ್ಟ. ನೆಟ್ಟ ವಾರಕ್ಕೇ ಹಬ್ಬಿತು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿ ಮಜ್ಜಿಗೆಯಂತಾಗಿದೆ, ಎಲೆಗಳೆಲ್ಲ ಬಿಳಿ ಪೊರೆ, ಎರಡು ಮೀನು ಮೇಲೆ ಬಂದು ಬಾಯಿ ಬಿಡುತ್ತಿವೆ. ಸಂಜೆಗೆ ಅವೂ ಹೋದವು. ಅದು ಕಾಲೆರ್ಪಾ ಎಂಬ ಪಾಚಿಯಂತೆ. ಅಷ್ಟುದ್ದ ಹಬ್ಬಿದರೂ ಇಡೀ ದೇಹ ಒಂದೇ ಜೀವಕೋಶ! ಸಂತಾನದ ಕಾಲ ಬಂದಾಗ ಒಳಗಿನದನ್ನೆಲ್ಲ ನೀರಿಗೆ ಬಿಟ್ಟು ರಾತ್ರಿ ಕಳೆಯುವುದರೊಳಗೆ ಕರಗಿಹೋಗುತ್ತದೆ. ಅಂಗಡಿಯವನು ಮೋಸ ಮಾಡಿದನೋ, ಅವನಿಗೇ ಗೊತ್ತಿರಲಿಲ್ಲವೋ, ಕೇಳಹೋದರೆ "ನೀರು ಸರಿ ಇಟ್ಟಿಲ್ಲ ನೀವು" ಎಂಬ ಉತ್ತರ.

ಆದ್ದರಿಂದ ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ನೋಡಿ. ಬೆಳಕಿಗೆ ಹಿಡಿದರೆ ಎಲೆಯ ನಡುವೆ ನರ ಕಾಣಬೇಕು, ಕಾಂಡಕ್ಕೆ ಗೆಣ್ಣಿರಬೇಕು, ಗೆಣ್ಣಿನಲ್ಲಿ ಬಿಳಿ ಬೇರಿರಬೇಕು. ನಮ್ಮ ಮನೆಯಲ್ಲಿರುವುದು ಹ್ಯಾಲೊಡ್ಯೂಲ್ ಯುನಿನರ್ವಿಸ್ ಎಂಬ ಸಪೂರ ಎಲೆಯ ಜಾತಿ. ಭೂತಗನ್ನಡಿಯಲ್ಲಿ ನೋಡಿದರೆ ಎಲೆಯ ತುದಿಯಲ್ಲಿ ಪುಟ್ಟ ಮೂರು ಹಲ್ಲು ಕಾಣುತ್ತವೆ. ಮನೆಯ ತೊಟ್ಟಿಗೆ ಇದು ತಕ್ಕದ್ದು. ಚಮಚದಾಕಾರದ ಎಲೆಯ ಹ್ಯಾಲೊಫಿಲಾ ನೋಡಲು ಬಲು ಚೆಂದ. ಎನ್ಹಾಲಸ್ ಎಂಬುದರ ತಂಟೆಗೇ ಹೋಗಬೇಡಿ. ಅದರ ಎಲೆ ಮೀಟರಿಗಿಂತ ಉದ್ದ ಬೆಳೆಯುತ್ತದೆ, ತೊಟ್ಟಿಯಲ್ಲ, ಬಾವಿಯೇ ಬೇಕು.

ಉಪ್ಪು, ನೀರು, ಬೆಳಕು

"ಕಲ್ಲುಪ್ಪೂ ಸಮುದ್ರದ್ದೇ ಅಲ್ಲವೇ, ಅದನ್ನೇ ಕರಗಿಸಿದರಾಯಿತು" ಎಂದು ನಮ್ಮ ಓರಗಿತ್ತಿ ಹೇಳಿದ್ದಳು. ಆಗದು. ಉಪ್ಪಿನ ಗದ್ದೆಯಲ್ಲಿ ನೀರು ಆರುವಾಗ ಸುಣ್ಣದ ಅಂಶ ಮೊದಲೇ ತಳ ಸೇರುತ್ತದೆ. ಮೆಗ್ನೀಷಿಯಂ, ಪೊಟ್ಯಾಷಿಯಂ ಕೊನೆಯ ಕಹಿನೀರಿನಲ್ಲಿ ಉಳಿದು ಹೊರಗೆ ಹೋಗುತ್ತವೆ. ನಮ್ಮ ಅಡುಗೆಮನೆಗೆ ಬರುವುದು ನಡುವಿನದು ಮಾತ್ರ. ಗಿಡಕ್ಕೆ ಎಲ್ಲವೂ ಬೇಕು. ಕಡಲ ಮೀನಿನ ತೊಟ್ಟಿಗೆಂದೇ ಮಾರುವ ಉಪ್ಪಿನ ಪುಡಿ ತರಬೇಕು, ಲೀಟರಿಗೆ ಸುಮಾರು 35 ಗ್ರಾಂ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ ಮರಳು ಕಳೆದು ಸುಮಾರು 130 ಲೀಟರ್ ನೀರು ಹಿಡಿಯುತ್ತದೆ. ನಾಲ್ಕೂವರೆ ಕಿಲೋ ಉಪ್ಪು ಸಾಕು. ಹೈಡ್ರೋಮೀಟರ್ ಎಂಬ ಅಳತೆಯ ಸಾಧನ ಸಿಗುತ್ತದೆ. ಅದರಲ್ಲಿ 1.025 ತೋರಿಸಬೇಕು.

ನೀರು ಬೋರ್‌ವೆಲ್ಲಿನದು ಬೇಡ. ಬೀದಿಯ ಕೊನೆಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದದ್ದು ನನಗೆ ಸರಿಹೋಗಿದೆ. ನೀರು ಆವಿಯಾಗಿ ಕಡಿಮೆಯಾದಾಗ ಉಪ್ಪುನೀರು ತುಂಬಬೇಡಿ, ಸಪ್ಪೆ ನೀರನ್ನೇ ತುಂಬಿ. ಒಲೆಯ ಮೇಲೆ ಮರೆತ ಸಾರು ಕುದ್ದು ಕುದ್ದು ಉಪ್ಪಾಗುವುದಿಲ್ಲವೇ? ನೀರು ಹೋಗುತ್ತದೆ, ಉಪ್ಪು ಅಲ್ಲೇ ಕೂತಿರುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ದಿನಕ್ಕೆ ಒಂದು ಚೊಂಬಿಗಿಂತ ಹೆಚ್ಚೇ ಬೇಕಾಗುತ್ತದೆ.

ಬೆಳಕಿನಲ್ಲಿ ಜಿಪುಣತನ ಕೂಡದು. ನೆರಳಿನಲ್ಲೂ ಬದುಕುವ ಪಾಚಿಯ ಹಾಗಲ್ಲ ಇದು. ಮೇಲೆ ಬೀಳುವ ಬಿಸಿಲಿನಲ್ಲಿ ಹತ್ತರಲ್ಲೊಂದು ಪಾಲಾದರೂ ಎಲೆಗೆ ತಲುಪದಿದ್ದರೆ ಕಡಲಿನಲ್ಲೇ ಈ ಹುಲ್ಲು ನಿಲ್ಲುವುದಿಲ್ಲ. ಮಣ್ಣೊಳಗಿನ ಬೇರನ್ನೂ ಎಲೆಯೇ ಸಾಕಬೇಕಲ್ಲ. ಒಳ್ಳೆಯ ಎಲ್.ಇ.ಡಿ. ದೀಪ ದಿನಕ್ಕೆ ಹತ್ತು ಹನ್ನೊಂದು ಗಂಟೆ ಉರಿಯಲಿ. ಖರ್ಚಿನ ಮಾತು ಕೇಳುವವರಿಗೆ: ದೀಪ, ಪಂಪು, ಗಾಜು ಎಲ್ಲ ಸೇರಿ ನನಗೆ ಒಂದು ಗ್ರೈಂಡರಿಗಿಂತ ಹೆಚ್ಚು, ಫ್ರಿಜ್ಜಿಗಿಂತ ಕಡಿಮೆಯಾಯಿತು. ತೊಟ್ಟಿಯ ಒಟ್ಟು ತೂಕ ಎರಡೂವರೆ ಕ್ವಿಂಟಾಲಿನ ಹತ್ತಿರ ಬರುತ್ತದೆ, ಹಳೆಯ ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವ ಸಾಹಸ ಬೇಡ. ಇನ್ನೊಂದು ಮಾತು. ಉಪ್ಪುನೀರು, ಕರೆಂಟು ಎರಡೂ ಒಟ್ಟಿಗಿರುವ ಜಾಗವಿದು. ವೈರನ್ನು ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿಟ್ಟು ಮೇಲೆ ತನ್ನಿ, ಹನಿ ನೀರು ಜಾರಿದರೂ ನೆಲಕ್ಕೆ ಬೀಳುತ್ತದೆ. ಮನೆಗೆ ಇ.ಎಲ್.ಸಿ.ಬಿ. ಹಾಕಿಸದವರು ಅದನ್ನು ಹಾಕಿಸಿದ ಮೇಲೆಯೇ ತೊಟ್ಟಿಗೆ ಕೈಹಾಕಿ. ನೀರಿಗೆ ಕೈಯಿಡುವಾಗಲೆಲ್ಲ ಸ್ವಿಚ್ಚು ಆರಿಸಿ.

ಅತ್ತೆಯವರ ಗೋಡು ಮಣ್ಣು

ಪಾಚಿ ಕರಗಿದ ಮೇಲೆ ಅಕ್ಕನ ಮಗಳ ಮೂಲಕ ಬೆಂಗಳೂರಿನ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಗಳ ಪರಿಚಯವಾಯಿತು. ಅವರ ಮನೆಯ ತೊಟ್ಟಿಯಲ್ಲಿ ವರ್ಷಗಳಿಂದ ಈ ಹುಲ್ಲು ಬೆಳೆದಿತ್ತು. ನಿಜವಾದ ಏಳು ತುಂಡು ಕೊಟ್ಟರು. ದುಡ್ಡು ಕೇಳಲಿಲ್ಲ. ನಾನೋ, ಈ ಸಲ ಎಲ್ಲ ಚೊಕ್ಕಟವಾಗಿರಲೆಂದು ತೊಟ್ಟಿ ಖಾಲಿ ಮಾಡಿ, ಹೊಸ ಬಿಳಿ ಮರಳನ್ನು ಅಕ್ಕಿ ತೊಳೆದಂತೆ ತೊಳೆದೆ. ಒಂದಲ್ಲ, ಎಂಟು ನೀರು. ಕೊನೆಯ ನೀರು ಕುಡಿಯುವಷ್ಟು ತಿಳಿಯಾಗಿತ್ತು. ಎರಡಂಗುಲ ಹರಡಿ ನೆಟ್ಟೆ. ಎಲೆ ಕಂದಾಯಿತು. ಬೇರು ಬಂದಿದೆಯೇ ಎಂದು ಎರಡು ದಿನಕ್ಕೊಮ್ಮೆ ಕಿತ್ತು ನೋಡುವ ಚಟ ಬೇರೆ! ತಿಂಗಳು ತುಂಬುವುದರೊಳಗೆ ಏಳೂ ಹೋದವು. ಆ ದಿನ ನಾನು ಅಳಲಿಲ್ಲ ಎಂದರೆ ಸುಳ್ಳಾದೀತು. ಕೊಟ್ಟವರಿಗೆ ಮುಖ ತೋರಿಸುವುದು ಹೇಗೆ ಎಂಬುದೇ ಹೆಚ್ಚು ಕಾಡಿತು.

ನಮ್ಮ ಅತ್ತೆಯವರು ಊರಿನಲ್ಲಿ ಗದ್ದೆ ಮಾಡಿಸಿದವರು. ಅಷ್ಟು ದಿನ "ಹುಲ್ಲಿಗೆ ಇಷ್ಟು ಖರ್ಚೇ?" ಎಂದು ಗೊಣಗುತ್ತಿದ್ದವರು ಅಂದು ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. "ಅಲ್ಲ ಕಣೇ, ಗೋಡು ಮಣ್ಣು ಹಾಕದೆ ಯಾರಾದ್ರೂ ನಾಟಿ ಮಾಡ್ತಾರಾ? ಬರೀ ಮರಳಲ್ಲಿ ಏನು ತಿನ್ನತ್ತೆ ಅದು?" ಎಂದರು. ಅಷ್ಟೂ ಪುಸ್ತಕ ಓದಿದ ನನಗೆ ಇದೇ ಹೊಳೆದಿರಲಿಲ್ಲ.

ಹವಳದ ತೊಟ್ಟಿ ಇಡುವವರು ನೀರಿನಲ್ಲಿ ಸಾರಾಂಶವೇ ಇರಬಾರದು ಎನ್ನುತ್ತಾರೆ. ಅಂಗಡಿಯವರು ಹೇಳುವುದೂ ಅದನ್ನೇ. ಹುಲ್ಲಿಗೆ ಅದು ಉಪವಾಸ. ಇದು ಎಲೆಯಿಂದಲೂ ಉಣ್ಣುತ್ತದೆ, ಬೇರಿನಿಂದಲೂ ಉಣ್ಣುತ್ತದೆ. ಬೇರಿಗೆ ಬೇಕಾದ್ದು ಕೊಳೆತು ಹದವಾದ ಕೆಸರು. ಹಾಗೆಂದು ನಮ್ಮ ಕೆರೆಯ ಗೋಡನ್ನೇ ತಂದು ಹಾಕಬೇಡಿ, ಹೊಲದ ಔಷಧಿಯೆಲ್ಲ ಅದರಲ್ಲಿರುತ್ತದೆ. ಕಡಲ ತೊಟ್ಟಿಗೆಂದು ಮಾರುವ ಕೆಸರು ಮಣ್ಣು ಸಿಗುತ್ತದೆ. ಅದನ್ನು ಒಂದಂಗುಲ ಕೆಳಗೆ ಹಾಕಿ, ಮೇಲೆ ನಯವಾದ ಸುಣ್ಣಮರಳು ನಾಲ್ಕಂಗುಲ. ಒಟ್ಟು ಐದಂಗುಲಕ್ಕೆ ಕಡಿಮೆಯಾಗದಿರಲಿ. ಬೆಂಗಳೂರಿನವರಿಗೆ ನಡೆದದ್ದನ್ನು ಫೋನಿನಲ್ಲಿ ಹೇಳಿದೆ. ಬಯ್ಯಲಿಲ್ಲ. "ಈ ಸಲ ಗಿಡ ಬೇಡ, ಮೊದಲು ನನ್ನ ತೊಟ್ಟಿಯ ಹಳೆ ಮರಳು ಎರಡು ಬೊಗಸೆ ತಗೊಂಡು ಹೋಗಿ" ಎಂದರು. ಹಾಲಿಗೆ ಹೆಪ್ಪು ಹಾಕಿದಂತೆಯೇ ಅದು. ಹಳೆಯ ಮರಳಿನ ಕಣ್ಣಿಗೆ ಕಾಣದ ಜೀವಿಗಳು ಹೊಸದರಲ್ಲಿ ಹಬ್ಬಿ, ಕೊಳೆತದ್ದರಿಂದ ಬರುವ ವಿಷದ ಅಮೋನಿಯವನ್ನು ಗಿಡಕ್ಕೆ ಹಿತವಾದ ನೈಟ್ರೇಟ್ ಮಾಡುತ್ತವೆ. ಮೊಸರು ರಾತ್ರಿ ಕಳೆದರೆ ಆಗುತ್ತದೆ, ಮರಳಿಗೆ ಮೂರು ತಿಂಗಳು ಬೇಕು. ಆ ಮೂರು ತಿಂಗಳು ನಮ್ಮ ಮನೆಯಲ್ಲಿ ಬರೀ ನೀರು, ಬರೀ ಮರಳಿನ ತೊಟ್ಟಿ. ಬಂದವರು "ಮೀನೆಲ್ಲಿ?" ಎಂದು ಕೇಳುವರು, ಇವರು ಪತ್ರಿಕೆಯ ಮರೆಯಲ್ಲಿ ನಗುವರು.

2023ರ ಯುಗಾದಿ ಕಳೆದ ಮೇಲೆ ಮತ್ತೆ ಏಳು ತುಂಡು ಬಂತು. ಬೆರಳುದ್ದದ ಬೇರುಕಾಂಡ, ಮೂರು ನಾಲ್ಕು ಎಲೆಗೊಂಚಲು, ತುದಿಯಲ್ಲಿ ಮೊಳಕೆ. ಮೊಳಕೆಯಿಲ್ಲದ ತುಂಡು ಮುಂದೆ ಹರಿಯಲು ಬಲು ತಡ. ಶುಂಠಿಯ ಹಾಗೆ ಅಡ್ಡಕ್ಕೆ ಮಲಗಿಸಿ, ಅರ್ಧ ಅಂಗುಲ ಮರಳು ಮುಚ್ಚಿದೆ. ಮೇಲಕ್ಕೆ ತೇಲದಂತೆ ಊಟದೆಲೆ ಹಚ್ಚುವ ಕಡ್ಡಿಯನ್ನು ನಡುವೆ ಬಗ್ಗಿಸಿ ಚುಚ್ಚಿದೆ. ಇದು ನನ್ನ ಉಪಾಯ ಎಂದು ಬೀಗಿದ್ದೆ. ಆಮೇಲೆ ತಿಳಿಯಿತು, ಪಾಕ್ ಕೊಲ್ಲಿಯಲ್ಲಿ ಹಾಳಾದ ಹುಲ್ಲಿನ ಹಾಸನ್ನು ಮತ್ತೆ ನಾಟಿ ಮಾಡುವವರು ಬಿದಿರಿನ ಚೌಕಟ್ಟಿಗೆ ತೆಂಗಿನ ನಾರಿನ ಹಗ್ಗದಿಂದ ತುಂಡುಗಳನ್ನು ಕಟ್ಟಿ ಕಡಲ ತಳಕ್ಕೆ ಇಳಿಸುತ್ತಾರಂತೆ.

ಹಳೆಯ ಎಲೆಗಳು ಈ ಸಲವೂ ಕಂದಾಗಿ ಉದುರಿದವು. ಎದೆ ಧಸಕ್ಕೆಂದರೂ ಕೈಕಟ್ಟಿ ಕೂತೆ. ಮೂವತ್ತನಾಲ್ಕನೆಯ ದಿನ ಅತ್ತೆಯವರೇ ಕರೆದರು, "ಬಾರೇ ಇಲ್ಲಿ, ಗರಿಕೆ ಚಿಗುರಿದೆ." ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಗರಿಕೆ.

ರಾತ್ರಿಯ ಭಯ

ಕೆಸರಿರುವಲ್ಲಿ ಒಂದು ಅಪಾಯವೂ ಇದೆ. ಆಳದ ಮರಳು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟುತ್ತದೆ. ಕಡಲಿನಲ್ಲೂ ಹಾಗೇ. ಹುಲ್ಲು ತನ್ನ ಎಲೆ, ಕಾಂಡಗಳೊಳಗಿನ ಟೊಳ್ಳು ನಾಳಗಳ ಮೂಲಕ ಆಮ್ಲಜನಕವನ್ನು ಬೇರಿಗೆ ಇಳಿಸಿ ಆ ವಿಷವನ್ನು ದೂರವಿಡುತ್ತದೆ. ಹಗಲು ತಾನೇ ತಯಾರಿಸಿಕೊಳ್ಳುತ್ತದೆ. ರಾತ್ರಿ ನೀರಿನಲ್ಲಿರುವುದನ್ನೇ ನೆಚ್ಚಿರಬೇಕು. ನೀರಿನ ಆಮ್ಲಜನಕ ತೀರಿದರೆ ವಿಷ ಬೇರಿಗೇ ನುಗ್ಗುತ್ತದೆ. ಹೀಗಾಗಿ ಮಧ್ಯರಾತ್ರಿ ಕರೆಂಟು ಹೋದರೆ ನನಗೆ ಎಚ್ಚರವಾಗಿಬಿಡುತ್ತದೆ. ಗಾಳಿಯ ಪಂಪನ್ನು ಇನ್ವರ್ಟರಿಗೆ ಜೋಡಿಸಿದ ಮೇಲೆಯೇ ನೆಮ್ಮದಿಯ ನಿದ್ದೆ. ನಿಮ್ಮಲ್ಲಿ ಇನ್ವರ್ಟರ್ ಇಲ್ಲದಿದ್ದರೆ ಬ್ಯಾಟರಿಯ ಸಣ್ಣ ಗಾಳಿಪಂಪು ಸಿಗುತ್ತದೆ, ಒಂದು ಇಟ್ಟುಕೊಳ್ಳಿ.

ಎಲೆಯ ಮೇಲೆ ಕಂದು ಲೋಳೆ ಕೂರುವುದು ಮತ್ತೊಂದು ಕಾಟ. ಒಂದೆರಡು ಡಜನ್ ಸಣ್ಣ ಕಡಲ ಬಸವನಹುಳು ಬಿಟ್ಟರೆ ಅವೇ ಮೇಯ್ದು ಒರೆಸಿಡುತ್ತವೆ. ಹುಲ್ಲನ್ನೇ ತಿನ್ನುವ ಮೀನು, ಕಡಲ ಮುಳ್ಳುಚೆಂಡು ಇವನ್ನು ಬಿಡಬೇಡಿ. ತಿನ್ನುವವರು ಹೆಚ್ಚಾದರೆ ಏನಾಗುತ್ತದೆಂದು ಲಕ್ಷದ್ವೀಪದ ಅಗತ್ತಿಯವರನ್ನು ಕೇಳಬೇಕು. ಅಲ್ಲಿ ಹಸಿರು ಆಮೆಗಳು ಒಂದೇ ಕಡೆ ಸೇರಿ ಮೇಯ್ದು ಮೇಯ್ದು ಇಡೀ ಹುಲ್ಲುಗಾವಲು ಬೋಳಾಗಿ, ಅದರಲ್ಲಿದ್ದ ಮೀನೂ ಕಡಿಮೆಯಾಯಿತೆಂದು ಬೆಸ್ತರು ಆಮೆಗಳ ಮೇಲೆ ಮುನಿದರು. ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು ನಮ್ಮ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ನಿನವರು.

ಮಕ್ಕಳು ಕಡಲ ಕುದುರೆ ಬೇಕೆಂದು ಹಠ ಹಿಡಿಯಬಹುದು. ಹೊರದೇಶದ ಪುಸ್ತಕಗಳಂತೂ ಮರಳು ಶುದ್ಧಿಗೆ ಕಡಲ ಸೌತೆ, ಅಂದಕ್ಕೆ ಹವಳ ಎಂದು ಬರೆದಿರುತ್ತವೆ. ನಮ್ಮ ದೇಶದಲ್ಲಿ ಈ ಮೂರೂ 2001ರಿಂದ ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿವೆ. ಅಂಗಡಿಯವನು ಗುಟ್ಟಾಗಿ ಕೊಟ್ಟರೂ ಕೊಳ್ಳಬೇಡಿ. ಹುಲ್ಲಿನ ವಿಷಯವೂ ಸಲೀಸಲ್ಲ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಕಡಲ ಹುಲ್ಲಿನ ಹಾಸುಗಳನ್ನು ಅತಿ ಸೂಕ್ಷ್ಮ ಪ್ರದೇಶಗಳಲ್ಲಿ ಸೇರಿಸಿದೆ. ಕಡಲ ಹಸು ಎಂದು ಕರೆಯುವ ಡುಗಾಂಗ್ ಬದುಕಿರುವುದೇ ಈ ಹುಲ್ಲಿನಿಂದ, ದಿನಕ್ಕೆ 30ರಿಂದ 40 ಕಿಲೋ ಬೇಕು ಅದಕ್ಕೆ. ತಮಿಳುನಾಡು ಸರ್ಕಾರ 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಅದಕ್ಕಾಗಿಯೇ ಮೀಸಲಿಟ್ಟಿತು. ಹಸುವಿನ ಬಾಯಿಯ ಹುಲ್ಲನ್ನು ಕಿತ್ತು ನಮ್ಮ ನಡುಮನೆ ಸಿಂಗರಿಸುವುದು ನನಗಂತೂ ಒಪ್ಪಿಗೆಯಿಲ್ಲ. ರಾಮೇಶ್ವರದ ಆ ಡಬ್ಬಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬೆಳೆಸಿದವರ ತೊಟ್ಟಿಯಿಂದ ಕೇಳಿ ತನ್ನಿ, ನಿಮ್ಮದು ಹಬ್ಬಿದ ಮೇಲೆ ಕೇಳಿದವರಿಗೆ ಕೊಡಿ. ಕೊಡುವಾಗ ಅಂಚಿನಿಂದ ಕತ್ತರಿಸಿ, ನಡುವೆ ಕೈಯಿಡಬೇಡಿ.

ಇದರಿಂದ ಏನಾದರೂ ಅಡುಗೆ ಮಾಡಬಹುದೇ ಎಂದು ಕೇಳುವವರೂ ಇದ್ದೀರಿ, ಗೊತ್ತು! ಮೆಕ್ಸಿಕೋ ದೇಶದ ಸೇರಿ ಎಂಬ ಜನ ತಮ್ಮ ಕಡಲಿನ ಜೋಸ್ಟೆರಾ ಹುಲ್ಲಿನ ಕಾಳನ್ನು ಬೀಸಿ ಹಿಟ್ಟು ಮಾಡಿ ಉಣ್ಣುತ್ತಿದ್ದರು. ಆ ಜಾತಿ ನಮ್ಮ ಕಡಲಿನಲ್ಲಿಲ್ಲ. ನಮ್ಮ ತೊಟ್ಟಿಯದು ಈವರೆಗೆ ಹೂವನ್ನೂ ಬಿಟ್ಟಿಲ್ಲ, ಕಾಳಿನ ಮಾತೆಲ್ಲಿ ಬಂತು.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಫೋನು ಬಂತು. ಆ ಅಧಿಕಾರಿಗಳ ತೊಟ್ಟಿಯ ಅಂಟು ಬಿಟ್ಟು, ರಾತ್ರೋರಾತ್ರಿ ನೀರೆಲ್ಲ ಸೋರಿ, ಅವರು ಮಗಳ ಮನೆಯಿಂದ ಮೂರು ದಿನದ ಮೇಲೆ ಬಂದು ನೋಡುವಾಗ ಎಲ್ಲ ಒಣಗಿತ್ತಂತೆ. ಮಾತಿನಲ್ಲಿ ಹೆಚ್ಚೇನೂ ಹೇಳಲಿಲ್ಲ, ಅವರ ಸ್ವಭಾವವೇ ಹಾಗೆ. ಹೊಸ ತೊಟ್ಟಿ ಸಿದ್ಧವಾಗುವವರೆಗೆ ಕಾದು, ಅಂಚಿನಿಂದ ಹದಿನಾಲ್ಕು ತುಂಡು ಕತ್ತರಿಸಿದೆ. ತೊಟ್ಟಿಯ ನೀರಿನಲ್ಲೇ ಅದ್ದಿದ ಪತ್ರಿಕೆಯಲ್ಲಿ ಸುತ್ತಿ, ಟಿಫಿನ್ ಕ್ಯಾರಿಯರಿನಲ್ಲಿಟ್ಟು ಬೆಳಗಿನ ರೈಲು ಹತ್ತಿದೆ. ಅತ್ತೆಯವರು ಬಾಗಿಲ ತನಕ ಬಂದು, "ಕ್ಯಾರಿಯರ್ ಮರೆತು ಬಂದೀಯ" ಎಂದು ಎಚ್ಚರಿಸಿದರು. ಬೆಂಗಳೂರಿನಲ್ಲಿ ಬಾಗಿಲು ತೆರೆದವರು ಕುಶಲ ಕೇಳುವ ಮೊದಲೇ ಕೇಳಿದ್ದು, "ಮರಳು ತಂದ್ರಾ?"

ತಂದಿದ್ದೆ. ಕೆಳಗಿನ ಡಬ್ಬಿಯಲ್ಲಿ, ಎರಡು ಬೊಗಸೆ.